ಗಾಲಿಯ ನೆಂಟಸ್ತನ

ಸೈಕಲ್ಲಿನ ವಿಷಯವಾಗಿ ಬರೆಯುವ ಅಧಿಕಾರ ನನಗೆ ವಂಶಪಾರಂಪರ್ಯವಾಗಿ ಬಂದುದು. ನಮ್ಮ ತಂದೆಯವರು ಸೈಕಲ್ ರಿಪೇರಿಯವರು. ಏಳನೆಯ ತರಗತಿಗೆ ಶಾಲೆಗೆ ಶರಣು ಹೊಡೆದು, ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ ಆರು ವರ್ಷ ರಿಮ್ಮಿನ ಬೆಂಡು ತೆಗೆಯುವುದನ್ನು ಕಲಿತು, ಆಮೇಲೆ ಊರ ಬಸ್ ನಿಲ್ದಾಣದ ಹೊಂಗೆಯ ಮರದ ಕೆಳಗೆ ಸ್ವಂತ ಅಂಗಡಿ ಹೂಡಿದವರು. ಅಂಗಡಿಯೆಂದರೆ ನಾಲ್ಕು ತಗಡು, ಒಂದು ಪಂಪು, ಪಂಚರ್ ನೋಡುವ ನೀರಿನ ಬಾಣಲೆ. ಆ ಬಾಣಲೆಯಲ್ಲಿ ಮೇಲೇಳುವ ಗುಳ್ಳೆಗಳಿಂದಲೇ ನನ್ನ ಮೂರು ವರ್ಷದ ಫೀಜು ಎದ್ದು ಬಂದಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ತುಳಿದವರಲ್ಲಿ ನಾನೇ ಮೊದಲಿಗ. ಮಿತ್ರರು ಪಂಪನ ಮೇಲೂ ಷೇಕ್ಸ್‌ಪಿಯರನ ಮೇಲೂ ಬರೆಯುವ ಈ ಸಂಚಿಕೆಗೆ ನಾನು ಟೈರು ಟ್ಯೂಬುಗಳನ್ನು ಹೊತ್ತು ತಂದರೆ ಸಂಪಾದಕ ಮಹಾಶಯರು ಮುಖ ಸಿಂಡರಿಸುವರೋ ಏನೋ! ಆದರೆ ತಿಳಿದುದನ್ನು ಬರೆಯಬೇಕೆಂದು ನಮ್ಮ ಕನ್ನಡದ ಮೇಷ್ಟ್ರು ತರಗತಿಯಲ್ಲಿ ಹೇಳಿದ್ದಾರೆ. ನನಗೆ ತಿಳಿದಿರುವುದು ಇದು.

ನಮ್ಮ ಊರು ನಂದಿ ಬೆಟ್ಟದ ಸಾಲಿಗೆ ಅಂಟಿಕೊಂಡಿದೆ. ನಂದಿಗೆ 4851 ಅಡಿ ಎತ್ತರ, ಕೋಟೆ, ಕೊತ್ತಲ, ಪ್ರವಾಸಿಗಳ ಜಾತ್ರೆ, ಎಲ್ಲವೂ ಉಂಟು. ಅರ್ಕಾವತಿ, ಪಾಲಾರ್, ಪಿನಾಕಿನಿಗಳು ಈ ಸೀಮೆಯ ಬೆಟ್ಟಗಳಲ್ಲೇ ಹುಟ್ಟುತ್ತವೆಂದು ನಾವೆಲ್ಲ ಭೂಗೋಳದಲ್ಲಿ ಬರೆದು ಅಂಕ ಪಡೆದಿದ್ದೇವೆ. ಹುಟ್ಟಿದ ಮೇಲೆ ಅವು ನಮ್ಮ ಬಾವಿಗಳ ಕಡೆಗೆ ತಿರುಗಿ ನೋಡದಿರುವುದು ಬೇರೆಯ ಮಾತು. ನಮ್ಮ ಊರ ಹಿಂದಿನ ಗುಡ್ಡ ಮಾತ್ರ ಈ ಹಿರಿಯಣ್ಣನ ನೆರಳಿನಲ್ಲಿ ಹೆಸರಿಲ್ಲದೆ ಕುಳಿತಿರತಕ್ಕದ್ದು. ಅದರ ಬೆನ್ನಿನ ಮೇಲೆ ಒಂದು ಕಾಲುದಾರಿ ಹತ್ತಿ ಆಚೆಯ ಹಳ್ಳಿಗೆ ಇಳಿಯುತ್ತದೆ. ಅದನ್ನು ಯಾವ ಎಂಜಿನಿಯರೂ ಗುರುತು ಹಾಕಿದುದಲ್ಲ. ದನಗಳು ತಮಗೆ ಸುಲಭವೆಂದು ಕಂಡಲ್ಲಿ ನಡೆದವು, ಮನುಷ್ಯರು ದನಗಳ ಹಿಂದೆ ನಡೆದರು, ದಾರಿಯಾಯಿತು. ಕೆಳಗಿನ ಅರ್ಧ ಊರ ಗೋಮಾಳ, ಮೇಲಿನ ಅರ್ಧ ಸರ್ಕಾರದ ಕಾಡು. ಮೇಕೆಯವರು, ಹುಲ್ಲು ತರುವ ಹೆಂಗಸರು, ಶ್ರಾವಣದ ಶನಿವಾರಗಳಲ್ಲಿ ಆಂಜನೇಯನ ಗುಡಿಗೆ ಹೋಗುವವರು, ಆಚೆಯ ಹಳ್ಳಿಗೆ ಹೆಣ್ಣು ಕೊಟ್ಟವರು, ಇವರೇ ಆ ದಾರಿಯ ಹಕ್ಕುದಾರರು.

ಈ ದಾರಿಗೆ ಮೊದಲ ಸಲ ಬೆಟ್ಟದ ಸೈಕಲ್ಲುಗಳು ಬಂದಾಗ ನನಗೆ ಒಂಬತ್ತೋ ಹತ್ತೋ ವರ್ಷ. 2015ರ ಸುಮಾರಿಗೆ ಇರಬೇಕು. ಬೆಂಗಳೂರಿನಿಂದ ನಾಲ್ಕೈದು ಜನ ಬೆಳಗಿನ ಜಾವದಲ್ಲೇ ಹೊರಟು ಬಂದು ಅಪ್ಪನ ಅಂಗಡಿಯ ಮುಂದೆ ಗಾಳಿ ನೋಡಿಕೊಳ್ಳಲು ನಿಂತರು. ಅಪ್ಪ ಆ ಸೈಕಲ್ಲನ್ನು ಸುತ್ತು ಹಾಕಿ ನೋಡಿದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಚೈನ್ ಕವರ್ ಇಲ್ಲ, ಬೆಲ್ಲೂ ಇಲ್ಲ. ಮುಂದಿನ ಫೋರ್ಕು ಮಾತ್ರ ಮೋಟಾರ್ ಸೈಕಲ್ಲಿನದರಂತೆ ಕುಪ್ಪಳಿಸುತ್ತದೆ. ಬೆಲೆ ಕೇಳಿದರು. ಒಂದು ಲಕ್ಷಕ್ಕೆ ಸ್ವಲ್ಪ ಕಡಿಮೆ ಎಂದು ಉತ್ತರ ಬಂದಿತು. “ಇಷ್ಟೆಲ್ಲಾ ಇಲ್ಲದೇ ಇರೋದಕ್ಕೆ ಅಷ್ಟೊಂದಾ ಸಾರ್?” ಎಂದು ಅಪ್ಪ ಕೇಳಿದುದಕ್ಕೆ ಅವರು ನಕ್ಕ ನಗೆಯಲ್ಲಿ ಬಿಂಕವಿರಲಿಲ್ಲ. ಅದೇ ನಗೆಯಿಂದ ನೆಂಟಸ್ತನ ಆರಂಭವಾಯಿತು ಎನ್ನಬಹುದು.

ಆ ಮೊದಲ ತಂಡದವರ ರೀತಿಯೇ ಬೇರೆ. ಗುಡ್ಡ ಹತ್ತುವವರೆಗೆ ಒಬ್ಬರಿಗೊಬ್ಬರು ಕಾಯುವರು. ಇಳಿಯುವಾಗ ತಿರುವಿನಲ್ಲಿ ಮೇಕೆ ಕಂಡರೆ ಕಾಲೂರಿ ನಿಲ್ಲುವರು. ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕು, ಗಾಲಿಯವನು ಕಾಲಿನವನಿಗೆ ದಾರಿ ಬಿಡಬೇಕು ಎಂಬುದು ಅವರಲ್ಲಿ ಕಟ್ಟಳೆ. ನಮ್ಮ ಕಡೆಯ ಗಾಡಿಯವರಲ್ಲೂ ಹೀಗೆಯೇ, ಹೊರೆ ಹೊತ್ತ ಗಾಡಿಗೆ ಬರಿಗಾಡಿ ಪಕ್ಕ ಸರಿಯಬೇಕು. ಆದುದರಿಂದ ನಮ್ಮ ತಾತನಿಗೆ ಇವರು ಒಳ್ಳೆಯ ಮನೆತನದ ಹುಡುಗರಾಗಿ ಕಂಡರು. ಪಂಚರ್ ಆದರೆ ಐವರೂ ಇಳಿದು ಒಂದೇ ಟ್ಯೂಬಿನ ಸುತ್ತ ಕುಳಿತಿರುವರು. ಕೆಲಸ ಮುಗಿದ ಮೇಲೆ ಅಂಗಡಿಯ ಮುಂದೆ ಟೀ, ಬನ್ನು, ಯಾವ ಕಲ್ಲಿನ ಮೇಲೆ ಯಾರು ಬಿದ್ದರೆಂಬ ಕಥೆ. ಅವರಲ್ಲಿ ಒಬ್ಬರು ಬ್ಯಾಂಕಿನವರು, ಒಬ್ಬರು ದಂತವೈದ್ಯರು, ಒಬ್ಬ ಹುಡುಗ ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದವನು. ಗುಡ್ಡದ ಮೇಲೆ ಯಾರು ಏನೆಂಬುದು ಮುಖ್ಯವಾಗುತ್ತಿರಲಿಲ್ಲ. ನನ್ನ ಬಾಲಬುದ್ಧಿಗೆ ಅದೇ ದೊಡ್ಡ ವಿಸ್ಮಯ; ಅಪ್ಪನನ್ನು “ಯಜಮಾನ್ರೇ” ಎಂದು ಕರೆದವರನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

2018ರಲ್ಲಿ ನಾನು ಎಂಟನೆಯ ತರಗತಿಗೆ ಬಂದೆ. ಸರ್ಕಾರಿ ಶಾಲೆಯ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006–07ರಿಂದ ಇದ್ದುದು, 2020ರ ಕೊರೊನಾ ಕಾಲದಿಂದೀಚೆಗೆ ನಿಂತುಹೋಯಿತು. ನನಗೆ ದೊರೆತುದು ಆ ಕೊನೆಯ ಕಂತುಗಳಲ್ಲಿ ಒಂದು. ಅಪ್ಪ ಅದನ್ನು ಬಿಚ್ಚಿ, ಬೇರಿಂಗಿಗೆ ಗ್ರೀಸು ತುಂಬಿ, ಕಡ್ಡಿಗಳನ್ನು ಮತ್ತೆ ಬಿಗಿದು, “ಈಗ ಇದು ಸೈಕಲ್ಲು” ಎಂದು ನನ್ನ ಕೈಗಿತ್ತರು. ಬ್ಯಾಂಕಿನವರು ತಮ್ಮ ಹಳೆಯ ದಪ್ಪ ಟೈರು ಒಂದನ್ನು ತಂದುಕೊಟ್ಟರು. ಅದು ಫೋರ್ಕಿನ ನಡುವೆ ಹಿಡಿಸದೆ ಈಗಲೂ ಅಂಗಡಿಯ ಮೊಳೆಯಲ್ಲಿ ತೂಗುತ್ತಿದೆ. ಆ ಸರ್ಕಾರಿ ಸೈಕಲ್ಲಿನಲ್ಲೇ ನಾನು ಗುಡ್ಡ ಹತ್ತಿದೆ, ಇಳಿದೆ. ಗೇರಿಲ್ಲದ ಸೈಕಲ್ಲಿನಲ್ಲಿ ಗುಡ್ಡ ಹತ್ತುವುದೆಂದರೆ ಅರ್ಧ ಸವಾರಿ, ಅರ್ಧ ತಳ್ಳಾಟ. ತಳ್ಳುವಾಗ ನನ್ನ ಜೊತೆಗೆ ಆ ದಂತವೈದ್ಯರೂ ತಮ್ಮ ಲಕ್ಷದ ಸೈಕಲ್ಲನ್ನು ಇಳಿದು ತಳ್ಳುತ್ತಿದ್ದರು. ಗೇರು ಸಾಲದೆಂದು ಅವರು ಹೇಳುತ್ತಿದ್ದರು. ಅದು ಸುಳ್ಳೆಂದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು.

ಈ ಆಟದ ಹುಟ್ಟನ್ನು ಕುರಿತು ಕಾಲೇಜಿಗೆ ಬಂದ ಮೇಲೆ ಓದಿ ತಿಳಿದೆ. ಅದು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಮರಿನ್ ಎಂಬ ಜಿಲ್ಲೆಯಲ್ಲಿ ಬೆಳೆದುದು. ಅಲ್ಲಿಯ ಟ್ಯಾಮಲ್ಪಾಯಿಸ್ ಬೆಟ್ಟದ ಸುತ್ತಮುತ್ತ ಕೆಲವು ತರುಣರು ಗುಜರಿ ಸೇರಬೇಕಾಗಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಹೊಂದಿಸಿಕೊಂಡು ಬೆಟ್ಟದಿಂದ ಇಳಿಯತೊಡಗಿದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಪಂದ್ಯವೊಂದನ್ನು ನಡೆಸಿದರು. ಎರಡು ಮೈಲಿಯ ದಾರಿಯಲ್ಲಿ ಸುಮಾರು 1300 ಅಡಿಯ ಇಳಿತ! ಹಿಂದಿನ ಗಾಲಿಯ ಹಬ್ಬಿನೊಳಗಿನ ಬ್ರೇಕು ಕಾಯ್ದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿದ್ದುದರಿಂದ ಪ್ರತಿ ಇಳಿತದ ಮೇಲೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತಂತೆ. ಅದರಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂದು ಹೆಸರು. ಚಾರ್ಲಿ ಕೆಲ್ಲಿ ಗಡಿಯಾರ ಹಿಡಿದು ಕಾಲ ಬರೆದುಕೊಳ್ಳುತ್ತಿದ್ದ. ಗ್ಯಾರಿ ಫಿಷರ್ 4 ನಿಮಿಷ 22 ಸೆಕೆಂಡಿನಲ್ಲಿ ಇಳಿದ. ವೆಂಡಿ ಕ್ರ್ಯಾಗ್ ಎಂಬಾಕೆ ಸವಾರಿಯನ್ನೂ ಮಾಡಿ ಚಿತ್ರಗಳನ್ನೂ ತೆಗೆದಳು. ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಸೈಕಲ್ಲನ್ನು ಕಟ್ಟಿದ. ಎಲ್ಲರೂ ಎಲ್ಲರನ್ನೂ ಬಲ್ಲವರು, ಒಬ್ಬರ ಸ್ಪ್ಯಾನರ್ ಇನ್ನೊಬ್ಬರ ಜೇಬಿನಲ್ಲಿ. ಈ ಭಾಗವನ್ನು ನಾನು ಅಪ್ಪನಿಗೆ ಓದಿ ಹೇಳಿದಾಗ ಅವರಿಗೆ ಇಷ್ಟವಾದುದು ಗ್ರೀಸಿನ ಸಂಗತಿಯೊಂದೇ.

ಮುಂದಿನ ಕಥೆ ಅಷ್ಟು ಮಧುರವಲ್ಲ. 1981ರಲ್ಲಿ ಕಂಪನಿಯೊಂದು ‘ಸ್ಟಂಪ್‌ಜಂಪರ್’ ಎಂಬ ಹೆಸರಿನಲ್ಲಿ ಇಂಥ ಸೈಕಲ್ಲನ್ನು ಸಾರಾಸಗಟಾಗಿ ತಯಾರಿಸಿ ಮಾರತೊಡಗಿತು. ಹತ್ತು ಜನರ ಹುಚ್ಚು ಹತ್ತು ಸಾವಿರ ಜನರ ಹವ್ಯಾಸವಾಯಿತು. ನಡೆದು ಹೋಗುವವರಿಗೂ ಕುದುರೆಯವರಿಗೂ ಸೈಕಲ್ಲಿನವರಿಗೂ ಜಗಳ ಹತ್ತಿಕೊಂಡಿತು. 1980ರ ದಶಕದಲ್ಲಿ ಅದೇ ಟ್ಯಾಮಲ್ಪಾಯಿಸ್ ಬೆಟ್ಟದ ಕಿರುದಾರಿಗಳಲ್ಲಿ ಹೆಚ್ಚಿನವು ಸೈಕಲ್ಲಿಗೆ ಮುಚ್ಚಿದವು. ಅಗಲವಾದ ಬೆಂಕಿದಾರಿಗಳಲ್ಲಿಯೂ ಗಂಟೆಗೆ 15 ಮೈಲಿ ಮೀರಬಾರದೆಂದು ಕಟ್ಟಪ್ಪಣೆಯಾಗಿ, ಕಾವಲಿನವರು ವೇಗ ಅಳೆಯುವ ಯಂತ್ರ ಹಿಡಿದು ಪೊದೆಯ ಮರೆಯಲ್ಲಿ ನಿಲ್ಲುವಂತಾಯಿತು. ಕೂಸು ಹುಟ್ಟಿದ ಮನೆಯಲ್ಲೇ ಕೂಸಿಗೆ ತೊಟ್ಟಿಲಿಲ್ಲ! 1988ರಲ್ಲಿ ಕ್ಯಾಲಿಫೋರ್ನಿಯಾದ ಕೆಲವು ಸವಾರ ಸಂಘಗಳು ಒಂದಾಗಿ ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿದುದು ಈ ಏಟಿನಿಂದಲೇ. ದಾರಿಯನ್ನು ಕಡಿಯುವುದು ಹೇಗೆ, ಕಾಯುವುದು ಹೇಗೆ, ಎದುರಿಗೆ ಬಂದವರೊಡನೆ ನಡೆದುಕೊಳ್ಳುವುದು ಹೇಗೆ ಎಂಬುದನ್ನೆಲ್ಲ ಅವರು ಬರೆದಿಟ್ಟರು. ಆಟ ಮಾತ್ರ ನಿಲ್ಲಲಿಲ್ಲ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸನ್ನೂ ಸೇರಿತು. ನಮ್ಮ ನೆರೆಯ ಕೇರಳದ ಪೊನ್ಮುಡಿಯಲ್ಲಿ 2023ರ ಅಕ್ಟೋಬರಿನಲ್ಲಿ ಏಷ್ಯಾ ಮಟ್ಟದ ಪಂದ್ಯವೇ ನಡೆಯಿತು.

ನಮ್ಮ ಗುಡ್ಡದ ಕಥೆ ಮರಿನ್ ಕಥೆಯ ಸಣ್ಣ ನಕಲು. 2020ರ ಕೊರೊನಾ ಕಾಲದಲ್ಲಿ ಜಿಮ್ಮುಗಳೂ ಚಿತ್ರಮಂದಿರಗಳೂ ಮುಚ್ಚಿದಾಗ ಜನ ಸೈಕಲ್ಲಿಗೆ ಮುಗಿಬಿದ್ದರು. ಪಟ್ಟಣದ ಅಂಗಡಿಗಳಲ್ಲಿ ದುಡ್ಡು ಕೊಟ್ಟರೂ ಸೈಕಲ್ಲು ಸಿಗದ ದಿನಗಳಿದ್ದವು. ಹಾಗೆ ಕೊಂಡ ಸೈಕಲ್ಲುಗಳೆಲ್ಲ ಎಲ್ಲಿಗಾದರೂ ಹೋಗಬೇಕಷ್ಟೆ? ನಂದಿಯ ರಸ್ತೆಯಲ್ಲಿ ವಾಹನಗಳ ಸಂದಣಿ, 2021ರ ಆಗಸ್ಟಿನಲ್ಲಿ ಭೂಕುಸಿತವಾಗಿ ಕೆಲವು ತಿಂಗಳು ಆ ರಸ್ತೆಯೇ ಬಂದ್. ಅಷ್ಟರಲ್ಲಿ ನಮ್ಮ ಕಾಲುದಾರಿಯ ನಕ್ಷೆ ಯಾರದೋ ಫೋನಿನಿಂದ ಎಲ್ಲರ ಫೋನಿಗೂ ಹರಿದಿತ್ತು. ಭಾನುವಾರ ಐದು ಜನ ಬರುತ್ತಿದ್ದಲ್ಲಿ ಐವತ್ತು, ಒಮ್ಮೊಮ್ಮೆ ನೂರು. ಕಾರಿನ ನೆತ್ತಿಯ ಮೇಲೆ ಸೈಕಲ್ಲು ಹೊತ್ತು ತಂದು, ಗುಡ್ಡದ ಬುಡದಲ್ಲಿ ಇಳಿಸಿ, ಒಂಬತ್ತು ಗಂಟೆಗೆಲ್ಲ ಹಿಂದಿರುಗುವರು. ಬ್ಯಾಟರಿಯಿಂದ ಓಡುವ ಸೈಕಲ್ಲುಗಳೂ ಈಚೆಗೆ ಬಂದಿವೆ. ಅವು ಹತ್ತುವ ವೇಗದಲ್ಲಿ ನಾವು ಇಳಿಯುವುದೂ ಕಷ್ಟ.

ದಾರಿ ಕೆಟ್ಟ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ “ಸೈಕಲ್ಲಿನವರು ಹಾಳು ಮಾಡಿದರು” ಎಂದು ಊರಿನವರೂ, “ಸೈಕಲ್ಲಿನಿಂದ ಏನೂ ಆಗುವುದಿಲ್ಲ” ಎಂದು ಸವಾರರೂ ಸುಲಭವಾಗಿ ಹೇಳಿಬಿಡುತ್ತಾರೆ. ನಮ್ಮದು ಕರಿಕಲ್ಲಿನ ಮೇಲೆ ತೆಳ್ಳಗೆ ಹರಡಿದ ಕೆಂಪು ಗರಸು ನೆಲ. ಒಣಗಿದಾಗ ಗಟ್ಟಿ, ಮೇಲುಪದರ ಒಡೆದರೆ ಪುಡಿ. ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಒಮ್ಮೆಲೇ ಅದುಮಿದರೆ ಗಾಲಿ ಉರುಳದೆ ಜಾರುತ್ತದೆ. ಜಾರಿದ ಗಾಲಿ ನೇಗಿಲಿನಂತೆ ಗೆರೆ ಎಳೆಯುತ್ತದೆ. ಒಂದು ಗೆರೆಯಿಂದ ಏನೂ ಆಗದು. ಅದೇ ತಿರುವಿನಲ್ಲಿ ಭಾನುವಾರ ನೂರು ಗೆರೆ ಬಿದ್ದರೆ ಮುಂದಿನ ಮಳೆ ಅದನ್ನು ಕಾಲುವೆಯೆಂದು ತಿಳಿಯುತ್ತದೆ. ಕಾಲುವೆ ಮರು ವರ್ಷಕ್ಕೆ ಕೊರಕಲು. ಕೊರಕಲಿನಲ್ಲಿ ಸವಾರಿ ಕಷ್ಟವೆಂದು ಅದರ ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು, ಅದೂ ಕೊರೆದ ಮೇಲೆ ಇನ್ನೊಂದು. ಕೆಸರಿನ ಗುಂಡಿ ಕಂಡರೆ ಬಟ್ಟೆ ಕೊಳೆಯಾಗದಿರಲೆಂದು ಸುತ್ತು ಹಾಕುವರು, ಗುಂಡಿ ಅಗಲವಾಗುತ್ತದೆ. ಹಾವಿನಂತೆ ಬಳಸಿ ಇಳಿಯುವಲ್ಲಿ ನಿಮಿಷ ಉಳಿಸಲು ನೆಟ್ಟಗೆ ಇಳಿಯುವರು. ನೀರಿಗೂ ಅದೇ ಬೇಕು. ಎರಡು ಅಡಿಯಿದ್ದ ನಮ್ಮ ಕಾಲುದಾರಿ ಆಂಜನೇಯನ ಗುಡಿಯ ಕೆಳಗೆ ಈಗ ಹದಿನಾಲ್ಕು ಅಡಿ ಇದೆ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಅಲ್ಲಿಂದ ಕೊಚ್ಚಿದ ಗರಸು ಚಿಕ್ಕಪ್ಪನವರ ರಾಗಿ ಹೊಲದ ಮೂಲೆಯಲ್ಲಿ ಹರಡಿ, ಉಳಿದುದು ಕೆಳಗಿನ ಕುಂಟೆಯನ್ನು ಸೇರಿದೆ. ಆ ಮೂಲೆಯಲ್ಲಿ ಎರಡು ವರ್ಷದಿಂದ ರಾಗಿ ಮೊಣಕಾಲೆತ್ತರಕ್ಕೂ ಏಳುತ್ತಿಲ್ಲ.

ಹಾಗೆಂದು ಗಾಲಿಯೇ ಖಳನಾಯಕನಲ್ಲ. ಅಮೆರಿಕದ ಮೊಂಟಾನಾದ ಬೆಟ್ಟದಾರಿಗಳಲ್ಲಿ ಇಬ್ಬರು ವಿದ್ವಾಂಸರು ನೀರು ಚಿಮುಕಿಸಿ ಪರೀಕ್ಷಿಸಿ, ಮನುಷ್ಯನ ಕಾಲೂ ಕುದುರೆಯ ಗೊರಸೂ ಸಡಿಲಿಸುವಷ್ಟು ಮಣ್ಣನ್ನು ಗಾಲಿ ಸಡಿಲಿಸುವುದಿಲ್ಲವೆಂದು 1994ರಲ್ಲಿ ಪ್ರಕಟಿಸಿದರು. ಕೆನಡಾದ ಒಂಟಾರಿಯೋ ಕಾಡೊಂದರಲ್ಲಿ ಒಂದೇ ಜಾಗದಲ್ಲಿ 500 ಸಲ ನಡೆದೂ 500 ಸಲ ಸೈಕಲ್ ಓಡಿಸಿಯೂ ನೋಡಿದವರು ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಎಂದು 2001ರಲ್ಲಿ ಬರೆದಿದ್ದಾರೆ. ಇದನ್ನು ನಾನು ತಾತನಿಗೆ ವಿವರಿಸಿದೆ. ಅವರು ಎಲೆಯಡಿಕೆ ಜಗಿಯುತ್ತ ಕೇಳಿ, “ದನ ಇಳೀತಾ ಬ್ರೇಕು ಹಾಕ್ತದೇನಪ್ಪಾ?” ಎಂದರು. ಈ ಪ್ರಶ್ನೆಯ ತೂಕ ನನಗೆ ಆಮೇಲೆ ತಿಳಿಯಿತು. ದನ ಇಳಿಜಾರಿಗೆ ಅಡ್ಡವಾಗಿ ಬಳಸಿ ನಡೆಯುತ್ತದೆ, ಮಳೆ ಬಿದ್ದ ದಿನ ಗುಡ್ಡ ಹತ್ತುವುದಿಲ್ಲ, ಗಡಿಯಾರದ ಜೊತೆ ಪಂದ್ಯ ಕಟ್ಟುವುದಿಲ್ಲ. ದಾರಿ ಕಡಿಯುವ ಶಾಸ್ತ್ರ ಬರೆದವರು ಹೇಳುವುದೂ ಅದನ್ನೇ: ದಾರಿಯ ಇಳಿತ ಗುಡ್ಡದ ಇಳಿತದ ಅರ್ಧವನ್ನು ಮೀರಬಾರದು, ಸರಾಸರಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚಿರಬಾರದು, ಹೊರ ಅಂಚು ಸ್ವಲ್ಪ ತಗ್ಗಿರಬೇಕು, ಅಲ್ಲಲ್ಲಿ ದಾರಿಯನ್ನು ತಗ್ಗಿಸಿ ಮತ್ತೆ ಏರಿಸಿ ನೀರು ಹೊರಕ್ಕೆ ಜಾರುವಂತೆ ಮಾಡಬೇಕು. ಹೊಲಕ್ಕೆ ಬದು ಹಾಕಿದವನಿಗೆ ಇದು ಹೊಸ ವಿದ್ಯೆಯಲ್ಲ.

ದಾರಿಗಿಂತ ಬೇಗ ಕೆಟ್ಟುದು ನೆಂಟಸ್ತನ. ಹಿಂದೆ ಎದುರುಬದುರಾದವರು ಕೈಯೆತ್ತುತ್ತಿದ್ದರು. ಈಗ ಕಿವಿಯಲ್ಲಿ ಹಾಡು, ಕಣ್ಣು ಹ್ಯಾಂಡಲ್ಲಿನ ಮೇಲಿನ ಪುಟ್ಟ ತೆರೆಯ ಮೇಲೆ. ದಾರಿಯ ತುಂಡು ತುಂಡಿಗೂ ಯಾರು ಎಷ್ಟು ಸೆಕೆಂಡಿನಲ್ಲಿ ಇಳಿದರೆಂದು ಪಟ್ಟಿ ಮಾಡುವ ಸ್ಟ್ರಾವಾ ಎಂಬ ಆ್ಯಪ್ ಒಂದಿದೆ, 2009ರಿಂದ ನಡೆಯುತ್ತಿದೆ. ಆ ಪಟ್ಟಿಯಲ್ಲಿ ನಮ್ಮ ಗುಡ್ಡದ ದಾರಿಗೆ ಇಂಗ್ಲಿಷಿನಲ್ಲಿ ಯಾರೋ ಒಂದು ಹೆಸರಿಟ್ಟಿದ್ದಾರೆ. ಊರಿನಲ್ಲಿ ಯಾರಿಗೂ ಆ ಹೆಸರು ಉಚ್ಚರಿಸಲು ಬಾರದು. ಹೆಸರಿಟ್ಟವರು ಯಾರೆಂದು ನಾನು ಹುಡುಕಲು ಹೋಗಲಿಲ್ಲ. ಗುಂಪು ಗುಂಪಿಗೂ ಬೇರೆ ಬಣ್ಣದ ಜೆರ್ಸಿ. ಮೊದಲ ತಂಡದ ದಂತವೈದ್ಯರು ಒಂದು ದಿನ ಅಂಗಡಿಯಲ್ಲಿ ಕುಳಿತು, “ನಮ್ಮ ದಾರಿ ನಮ್ಮ ಕೈ ತಪ್ಪಿತು” ಎಂದು ನಿಟ್ಟುಸಿರಿಟ್ಟರು. ಅವರ ಮೇಲೆ ನನಗೆ ಬಹಳ ಗೌರವ. ಆದರೂ ‘ನಮ್ಮ’ ಎಂಬ ಮಾತು ಅವರ ಬಾಯಿಂದ ಬಂದಾಗ ಅಪ್ಪನ ಮುಖವನ್ನು ನೋಡಿದೆ. ಅಪ್ಪ ಟ್ಯೂಬಿಗೆ ಸಲ್ಯೂಷನ್ ಹಚ್ಚುತ್ತಿದ್ದರು, ತಲೆಯೆತ್ತಲಿಲ್ಲ.

2023ರ ಕಾರ್ತಿಕದಲ್ಲಿ ನಡೆದುದನ್ನು ಹೇಳಿದರೆ ಸಾಕು. ಗುಡಿಯ ಕೆಳಗಿನ ಬಂಡೆಯ ತಿರುವಿನಲ್ಲಿ ನನ್ನ ವಯಸ್ಸಿನ ತರುಣನೊಬ್ಬ ಬಿದ್ದು ಭುಜದ ಮೂಳೆ ಮುರಿದುಕೊಂಡ. ಪಕ್ಕದ ಇಳುಕಲಿನಲ್ಲಿ ಮೇಕೆ ಬಿಟ್ಟಿದ್ದ ನಮ್ಮ ಅತ್ತೆ ನೋಡಿದ್ದಾರೆ. ಅವನು ನೆಲದಲ್ಲಿ ಕುಳಿತಿರುವಾಗ ಹನ್ನೊಂದು ಸೈಕಲ್ಲುಗಳು ಅವನನ್ನು ದಾಟಿ ಹೋದವಂತೆ. ಅತ್ತೆಗೆ ಅಕ್ಷರ ಬಾರದು, ಮೇಕೆ ಎಣಿಸಿ ರೂಢಿಯಿರುವುದರಿಂದ ಲೆಕ್ಕ ತಪ್ಪುವುದಿಲ್ಲ. ಹನ್ನೊಂದು ಜನರೂ ಕಟುಕರೆಂದು ನಾನು ನಂಬಲಾರೆ. ಇಬ್ಬರು ಮೂವರು “ಓಕೇನಾ?” ಎಂದು ಕೂಗಿದರಂತೆ. ಅವನದು ಬೇರೆ ಬಣ್ಣದ ಜೆರ್ಸಿ. ಅವನವರು ಹಿಂದೆ ಬರುತ್ತಿರಬೇಕೆಂದು ಪ್ರತಿಯೊಬ್ಬರೂ ಎಣಿಸಿದರು. ಐದೇ ಜನ ಬರುತ್ತಿದ್ದಾಗ ‘ಅವನವರು’ ಎಂಬ ಶಬ್ದಕ್ಕೆ ಅರ್ಥವೇ ಇರಲಿಲ್ಲ. ಕೊನೆಗೆ ಅತ್ತೆಯ ಕೂಗಿಗೆ ಅಪ್ಪನೂ ಮೇಕೆಯವರಿಬ್ಬರೂ ಹೋಗಿ, ಕೈಯನ್ನು ಟವೆಲಿನಿಂದ ಎದೆಗೆ ಕಟ್ಟಿ, ನಡೆಸಿಕೊಂಡು ಇಳಿಸಿದರು. ಆ ತರುಣ ಒಂದು ತಿಂಗಳ ಮೇಲೆ ತಂದೆತಾಯಿಗಳನ್ನು ಕರೆದುಕೊಂಡು ಬಂದು ಅತ್ತೆಗೆ ಸೀರೆ ಕೊಟ್ಟು ಹೋದ. ಅತ್ತೆ ಅದನ್ನು ಇನ್ನೂ ಉಟ್ಟಿಲ್ಲ, ಮಗಳ ಮದುವೆಗೆಂದು ಇಟ್ಟಿದ್ದಾರೆ.

ಇಷ್ಟು ದೂರು ಹೇಳಿದ ಮೇಲೆ ಅಂಗಡಿಯ ಲೆಕ್ಕವನ್ನೂ ಹೇಳದಿದ್ದರೆ ಅನ್ಯಾಯ. ಊರ ಹುಡುಗರೆಲ್ಲ ಮೋಟಾರ್ ಸೈಕಲ್ ಹತ್ತಿದ ಮೇಲೆ ಅಪ್ಪನ ಅಂಗಡಿ ಮುಚ್ಚುವ ಸ್ಥಿತಿಯಲ್ಲಿತ್ತು. ಅದನ್ನು ಎತ್ತಿ ನಿಲ್ಲಿಸಿದುದು ಈ ಭಾನುವಾರದ ಜಾತ್ರೆಯೇ. ನಮ್ಮ ದಾರಿಯುದ್ದಕ್ಕೂ ಜಾಲಿಮುಳ್ಳು. ಟ್ಯೂಬಿಲ್ಲದ ಟೈರಿನೊಳಗೆ ಹಾಲಿನಂಥ ದ್ರವ ತುಂಬಿಕೊಂಡು ಬಂದವರೂ ಎರಡು ಮೂರು ಮುಳ್ಳಿಗೆ ಶರಣಾಗುತ್ತಾರೆ. ಡಿಸ್ಕ್ ಬ್ರೇಕಿಗೆ ಎಣ್ಣೆ ತುಂಬುವುದನ್ನು ಅಪ್ಪ ಐವತ್ತು ದಾಟಿದ ವಯಸ್ಸಿನಲ್ಲಿ ಕಲಿತರು. ಅಮ್ಮ ಅಂಗಡಿಯ ಪಕ್ಕದಲ್ಲಿ ಇಡ್ಲಿ ಇಡುತ್ತಾರೆ. ಭಾನುವಾರ ಹತ್ತು ಗಂಟೆಗೆ ಪಾತ್ರೆ ಬರಿದು. ಜನ ಬರುವುದು ನಿಂತರೆ ನನ್ನ ತಂಗಿಯ ಕಾಲೇಜೂ ನಿಲ್ಲುತ್ತದೆ. ಆದುದರಿಂದ ಹಳೆಯ ಕಾಲವೇ ಚೆನ್ನಿತ್ತೆಂದು ಹಾಡುವ ಗುಂಪಿಗೆ ನಾನು ಸೇರಲಾರೆ. ಐದು ಜನರ ಸಖ್ಯ ಚೆನ್ನಾಗಿತ್ತು ನಿಜ. ಐದೇ ಜನರಾದುದರಿಂದ ಅದು ಸುಲಭವೂ ಆಗಿತ್ತು. ನೂರು ಜನರಲ್ಲಿ ಅದನ್ನು ಉಳಿಸುವ ಉಪಾಯವನ್ನು ಆ ಐವರೂ ಯೋಚಿಸಿರಲಿಲ್ಲ.

ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಒಂದು ಗಂಟೆಯಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬಾತ 1968ರಲ್ಲಿ ಬರೆದುದನ್ನು ಹೇಳಿದರು: ಎಲ್ಲರದೂ ಆದ ಹುಲ್ಲುಗಾವಲು ಕೊನೆಗೆ ಹಾಳೇ ಆಗುತ್ತದೆ, ಏಕೆಂದರೆ ಪ್ರತಿಯೊಬ್ಬನಿಗೂ ಇನ್ನೊಂದು ದನ ಬಿಡುವುದೇ ಲಾಭ. ನನಗೆ ಎದೆ ಹಿಂಡಿದಂತಾಯಿತು. ಮುಂದಿನ ಗಂಟೆಯಲ್ಲಿ ಅವರೇ ಎಲಿನಾರ್ ಆಸ್ಟ್ರಮ್ ಎಂಬ ವಿದುಷಿಯ ವಿಚಾರ ತಂದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಮೊದಲ ಮಹಿಳೆ ಆಕೆ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯಲ್ಲಿ, ಚಳಿಗಾಲದಲ್ಲಿ ಎಷ್ಟು ದನಗಳಿಗೆ ಮೇವು ಹಾಕಬಲ್ಲಿರೋ ಅಷ್ಟನ್ನೇ ಬೆಟ್ಟದ ಹುಲ್ಲಿಗೆ ಬಿಡಬೇಕೆಂದು ಜನರೇ ಕಟ್ಟು ಮಾಡಿಕೊಂಡು ಶತಮಾನಗಳ ಕಾಲ ಅದನ್ನು ಕಾಪಾಡಿಕೊಂಡರಂತೆ. ಮೇಷ್ಟ್ರು ಸ್ವಿಟ್ಜರ್ಲೆಂಡಿನಲ್ಲಿರುವಾಗ ನನ್ನ ಮನಸ್ಸು ನಮ್ಮ ಕೆರೆಯ ಏರಿಯ ಮೇಲಿತ್ತು. ಈ ಸೀಮೆಯ ಕೆರೆಗಳಿಗೆ ನೀರಗಂಟಿ ಎಂಬವನಿರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಅವನೇ ತೂಬು ಎತ್ತಿ ಇಳಿಸಿ ಬಿಡಬೇಕು. ಒಕ್ಕಣೆಯ ಕಾಲಕ್ಕೆ ಎಲ್ಲರ ಕಣದಿಂದಲೂ ಅವನಿಗೆ ಧಾನ್ಯ. ತಾತನ ಅಣ್ಣ ನೀರಗಂಟಿಯಾಗಿದ್ದವರು. ಅವರ ಮಾತನ್ನು ಊರ ಗೌಡರೂ ಮೀರುತ್ತಿರಲಿಲ್ಲವಂತೆ. ನಮ್ಮ ಗುಡ್ಡದ ದಾರಿಗೆ ಇಲ್ಲದಿರುವುದು ಅವನೊಬ್ಬ.

ಕಳೆದ ವರ್ಷ ಕಾಡಿನ ಅಂಚಿನಲ್ಲಿ ಒಂದು ಹಲಗೆ ಬಂದಿತು. ಅನುಮತಿಯಿಲ್ಲದೆ ಯಾರೂ ಒಳಗೆ ಹೋಗಕೂಡದು. ಅಧಿಕಾರಿಗಳನ್ನು ದೂರಲಾರೆ, ಆ ಕೊರಕಲುಗಳನ್ನು ನೋಡಿದವರು ಇನ್ನೇನು ಬರೆದಾರು? ಹಲಗೆಯ ಮಾತು ಸವಾರರಿಗೆಂದು ಅವರು ಹೇಳುತ್ತಾರೆ. ಆದರೆ ಹಲಗೆ ಜೆರ್ಸಿಯನ್ನೂ ಸೀರೆಯನ್ನೂ ಬೇರೆ ಬೇರೆಯಾಗಿ ನೋಡುವುದಿಲ್ಲ. ಹುಲ್ಲು ತರುವ ಹೆಂಗಸರು ಈಗ ಗಾರ್ಡ್ ಇಲ್ಲದ ಹೊತ್ತು ನೋಡಿ ಹೋಗುತ್ತಾರೆ. ಅವರ ತಾಯಂದಿರೂ ಅಜ್ಜಿಯರೂ ಹೆದರದೆ ನಡೆದ ದಾರಿ ಅದು. ಈ ಆಟದ ವಿಷಯದಲ್ಲಿ ನನಗೆ ನಿಜವಾಗಿ ಸಿಟ್ಟು ಬಂದುದಿದ್ದರೆ ಇದೊಂದು ಸಂಗತಿಗೆ.

ಬ್ಯಾಂಕಿನವರೂ ದಂತವೈದ್ಯರೂ ನಾನೂ ಎರಡು ಬಣ್ಣದ ಜೆರ್ಸಿಯ ಹುಡುಗರೂ ಗಾರ್ಡ್ ಸಾಹೇಬರನ್ನು ಕಂಡು ಮಾತನಾಡಿದೆವು. ಕಾಡಿನ ಭಾಗವನ್ನು ಮುಟ್ಟಕೂಡದು, ಗೋಮಾಳದ ಭಾಗವನ್ನು ಪಂಚಾಯಿತಿಯವರು ಒಪ್ಪಿದರೆ ಸರಿಮಾಡಿಕೊಳ್ಳಿ ಎಂದರು. ಪಂಚಾಯಿತಿಯಲ್ಲಿ ಒಬ್ಬ ಸದಸ್ಯರು, ತಲೆಗೆ ನೂರು ರೂಪಾಯಿ ಟಿಕೆಟ್ ಇಡೋಣವೆಂದರು. ಇನ್ನೊಬ್ಬರು ಮುಳ್ಳುತಂತಿ ಹಾಕೋಣವೆಂದರು. ಚಿಕ್ಕಪ್ಪ ಎದ್ದು ನಿಂತು ತಮ್ಮ ರಾಗಿಯ ನಷ್ಟ ಯಾರು ಕೊಡುತ್ತಾರೆಂದು ಕೇಳಿದರು. ಅದಕ್ಕೆ ಉತ್ತರ ಯಾರಲ್ಲಿಯೂ ಇರಲಿಲ್ಲ. ಕೊನೆಗೆ ಟಿಕೆಟ್ಟೂ ಬೇಡ, ತಂತಿಯೂ ಬೇಡ, ಮೊದಲು ಮಣ್ಣು ನಿಲ್ಲಲಿ ಎಂದು ಅಧ್ಯಕ್ಷಿಣಿಯವರು ಸಭೆ ಮುಗಿಸಿದರು. ಮಳೆ ಬಿದ್ದ ಮರುದಿನ ಸೈಕಲ್ಲು ಹತ್ತಬಾರದೆಂಬ ಮಾತನ್ನು ಅಪ್ಪ ಸೀಮೆಸುಣ್ಣದಲ್ಲಿ ಅಂಗಡಿಯ ತಗಡಿನ ಮೇಲೆ ಬರೆಯುತ್ತಾರೆ. ಹೆಚ್ಚು ಜನ ಕೇಳುತ್ತಾರೆ, ಕೆಲವರು ಕೇಳುವುದಿಲ್ಲ. ಅಂಥ ದಿನ ಅವರ ಇಡ್ಲಿ ವ್ಯಾಪಾರವೂ ಅರ್ಧ.

ಏಪ್ರಿಲಿನ ಮೂರು ಭಾನುವಾರಗಳಲ್ಲಿ ಗುಡಿಯ ಕೆಳಗೆ ಕೆಲಸ ನಡೆಯಿತು. ತಾತ ಕಲ್ಲಿನ ಮೇಲೆ ಕುಳಿತು ಊರುಗೋಲಿನಿಂದ ನೀರು ಎಲ್ಲಿ ತಿರುಗಬೇಕೆಂದು ತೋರಿಸುವುದು, ನಾವು ಅಲ್ಲಿ ಚಪ್ಪಟೆ ಕಲ್ಲು ಹೂಳುವುದು. ಕೊರಕಲಿಗೆ ಅಡ್ಡಲಾಗಿ ಕಲ್ಲಿನ ತಡೆ, ಹೊಸ ಜಾಡುಗಳ ಬಾಯಿಗೆ ಲಂಟಾನದ ಮುಳ್ಳಿನ ಕಟ್ಟು. ಮೊದಲ ಭಾನುವಾರ ಹತ್ತೊಂಬತ್ತು ಜನ, ಎರಡನೆಯದಕ್ಕೆ ಒಂಬತ್ತು, ಮೂರನೆಯದಕ್ಕೆ ಇಪ್ಪತ್ತಾರು. ಎರಡನೆಯ ಭಾನುವಾರ ಏಕೆ ಕಡಿಮೆಯಾಯಿತೆಂದು ನಾನು ಚಿಂತಿಸುತ್ತಿದ್ದೆ, ಅಂದು ಟೆಲಿವಿಷನ್ನಿನಲ್ಲಿ ಕ್ರಿಕೆಟ್ ಇತ್ತಂತೆ. ಭುಜ ಮುರಿದುಕೊಂಡಿದ್ದ ತರುಣನೂ ಬಂದಿದ್ದ. ಅವನಿಗೆ ಭಾರ ಎತ್ತಬಾರದೆಂದು ವೈದ್ಯರ ಅಪ್ಪಣೆಯಿರುವುದರಿಂದ ಅತ್ತೆಯ ಮೇಕೆಗಳನ್ನು ಕಾಯ್ದ. ಒಂದು ಮೇಕೆ ತಪ್ಪಿಸಿಕೊಂಡು ಸಂಜೆ ನಾಲ್ಕಕ್ಕೆ ಸಿಕ್ಕಿತು.

ಜೂನಿನ ಮೊದಲ ಮಳೆಗೆ ಐದು ತಡೆಗಳಲ್ಲಿ ಮೂರು ನಿಂತವು, ಎರಡು ಕೊಚ್ಚಿಹೋದವು. ಕೊಚ್ಚಿಹೋದ ಎರಡೂ ನಾನು ಮತ್ತು ಹುಡುಗರು ಕಟ್ಟಿದವೆಂದು ತಾತ ಊರೆಲ್ಲ ಹೇಳಿಕೊಂಡು ಬಂದರು. ಪರೀಕ್ಷೆಗಳು ಮುಗಿದ ಮೇಲೆ ಆ ಎರಡನ್ನು ಮತ್ತೆ ಕಟ್ಟಬೇಕು. ಊರಿನಲ್ಲಿ ಹಾರೆ ಎರಡು, ಪಿಕಾಸಿ ಒಂದು, ಕಲ್ಲು ಬೇಕಾದಷ್ಟಿವೆ. ಓದುವ ಮಿತ್ರರಲ್ಲಿ ಯಾರಿಗಾದರೂ ಬಿಡುವಿದ್ದರೆ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರಬಹುದು. ಇಳಿದಲ್ಲೇ ಹೊಂಗೆಯ ಮರ, ಅದರ ಕೆಳಗೆ ಅಪ್ಪನ ಅಂಗಡಿ.